ಯಾರಪ್ಪನ ಒಡ್ಡು

ನನ್ನ ಅತ್ತೆ ದುರಗವ್ವನಿಗೆ ಅಕ್ಷರ ಬರುವುದಿಲ್ಲ. ಒಡ್ಡು ಬರುತ್ತದೆ. ಹಳ್ಳಕ್ಕೆ ಅಡ್ಡ ಹಾಕಿದ ಮಣ್ಣಿನ ಒಡ್ಡು ಯಾವುದೇ ಇರಲಿ, ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ಒಮ್ಮೆ ನಡೆದು ಬಂದರೆ ಸಾಕು, ಅದು ಎಷ್ಟು ಮಳೆಗಾಲ ತಡೆಯುತ್ತದೆ ಎಂದು ಹೇಳಿಬಿಡುತ್ತಾಳೆ. ಹೇಮಂತಗೌಡನ ಒಡ್ಡಿನ ಮೇಲೆ ನಡೆದು ಬಂದ ದಿನ ಅವಳು ಹೇಳಿದ್ದು ಇಷ್ಟೆ: "ಎರಡು ಮಳಿಗಾಲ. ಮೂರನೇದ್ದಕ್ಕ ಒಡ್ಡೂ ಇರೂದಿಲ್ಲ, ನಮ್ಮ ಓಣಿನೂ ಇರೂದಿಲ್ಲ."

ಆ ಒಡ್ಡು ಕಟ್ಟಿದವರು ನಾವೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೂಗು ಮುರಿಯಬಾರದು.

ನಾವು ಕಾಗದದಲ್ಲಿ ಭೋವಿಗಳು, ಊರ ಬಾಯಲ್ಲಿ ಒಡ್ಡರು. ಕಲಘಟಗಿ ತಾಲೂಕಿನಲ್ಲಿ ನೀರು ನಿಂತ ಜಾಗವೆಲ್ಲ ನಮ್ಮ ಅಜ್ಜ ಅಜ್ಜಿಯರ ಕುತ್ತಿಗೆಯ ಮೇಲೆ ನಿಂತಿದೆ. ಆ ನೀರು ಕುಡಿದವರು ತಮ್ಮ ಮಕ್ಕಳು ಜೋರಾಗಿ ಕೂಗಿದರೆ "ಒಡ್ಡರಂಗ ಒದರಬ್ಯಾಡ್ರಲೇ" ಎಂದು ಬೈಯುತ್ತಾರೆ. ನಾವು ನಮ್ಮ ಮಕ್ಕಳಿಗೆ "ಗೌಡರಂಗ ಸುಳ್ಳು ಹೇಳಬ್ಯಾಡ್ರಲೇ" ಎನ್ನುತ್ತೇವೆ. ಅಲ್ಲಿಗಲ್ಲಿಗೆ ಸರಿಹೋಯಿತು.

ಹೇಮಂತಗೌಡ ಸಾಲೆಯಲ್ಲಿ ನನಗಿಂತ ಎರಡು ಇಯತ್ತೆ ಹಿಂದೆ ಇದ್ದವನು. ನಾಲ್ಕರ ಮಗ್ಗಿ ಬರದೆ ಬಾಗಿಲ ಬಳಿ ನಿಂತು ಅಳುತ್ತಿದ್ದ. ಈಗ ದೊಡ್ಡವನಾಗಿದ್ದಾನೆ. ಹುಬ್ಬಳ್ಳಿಯಲ್ಲಿ ಕಾಲೇಜು ಮಾಡಿದ, ಗೋವಾಕ್ಕೆ ನಾಲ್ಕು ಸಲ ಹೋಗಿ ಬಂದ, ಬರುವಾಗ ತಲೆಯಲ್ಲಿ ಒಂದು ರಿಸಾರ್ಟ್ ಹೊತ್ತುಕೊಂಡು ಬಂದ. ಗೋವಿನಜೋಳದ ಹೊಲ ತೆಗೆದು ಆರು ಕೋಣೆ ಕಟ್ಟಿಸಿದ. ಹುಬ್ಬಳ್ಳಿ ಮಂದಿಗೆ ರವಿವಾರ ಬಂತೆಂದರೆ ನೀರು ನೋಡುವ ಚಟ. ನೀರಿಲ್ಲದ ರಿಸಾರ್ಟು ಬರೇ ಖಾನಾವಳಿ. ಅದಕ್ಕೆ ಅವನ ಹೊಲದ ನಡುವೆ ಹರಿಯುವ ಸೀಗಿಹಳ್ಳಕ್ಕೆ ಒಡ್ಡು ಹಾಕಿಸಿದ.

ಆ ಒಡ್ಡಿನ ಕೆಳಗೆ, ಹಳ್ಳದ ದಂಡೆಯಲ್ಲಿ, ಒಂದು ಬೀಡಿ ಸೇದಿ ಮುಗಿಸುವಷ್ಟು ದೂರದಲ್ಲಿ ನಮ್ಮ ಓಣಿ. ನಲವತ್ತು ಮನೆ. ಅಲ್ಲಿ ಯಾಕೆ ಕಟ್ಟಿಕೊಂಡಿರಿ ಎಂದು ಈಚೆಗೆ ಎಲ್ಲರೂ ಕೇಳುತ್ತಾರೆ. ಎತ್ತರದ ಜಾಗವನ್ನು ಎತ್ತರದವರು ಇಟ್ಟುಕೊಂಡಿದ್ದರು. ನಮಗೆ ತಗ್ಗು ಉಳಿದಿತ್ತು.

ನಲವತ್ತೊಂದು ದಿನ ದುಡಿದೆವು. ಜೆಸಿಬಿ ಅಗೆಯಿತು, ಟ್ರ್ಯಾಕ್ಟರ್ ತಂದು ಸುರುವಿತು, ಆದರೆ ಇಳಿಜಾರಿನ ಮೇಲೆ ಮಣ್ಣು ಏರಿಸಿ ಬಡಿದು ಕೂಡಿಸುವ ಕೆಲಸಕ್ಕೆ ಇನ್ನೂ ಮಷೀನು ಹುಟ್ಟಿಲ್ಲ. ಅದಕ್ಕೆ ಹೆಂಗಸರ ತಲೆಯೇ ಬೇಕು, ಹೆಂಗಸರ ಹಿಮ್ಮಡಿಯೇ ಬೇಕು. ಎರಡನೇ ದಿನವೇ ಅತ್ತೆ ಬುಟ್ಟಿ ಇಳಿಸಿ ಗೌಡನ ಮುಂದೆ ನಿಂತಳು.

"ಗೌಡ್ರ, ಪಾಯಾ ತಗೀಲಿಲ್ಲ ನೀವು. ಗಟ್ಟಿ ನೆಲ ಸಿಗೂತನಕ ತಗೀಬೇಕ್ರಿ. ಮತ್ತ ಇದು ಬರೇ ಎರಿಮಣ್ಣು. ಬ್ಯಾಸಗ್ಯಾಗ ಬಿರೀತೈತಿ, ಮಳಿಗಾಲದಾಗ ಜಾರತೈತಿ. ಹೊರಮೈಗೆ ಕಲ್ಲು ಬೆರೆತ ಗರಸು ಹಾಕ್ರಿ."

"ಏ ದುರಗಿ, ನೀ ಯಾವಾಗ ಇಂಜಿನಿಯರ್ ಆದಿ?" ಎಂದ ಹೇಮಂತಗೌಡ. ಅತ್ತೆಗೆ ಅರವತ್ತೆರಡು, ಅವನಿಗೆ ಮೂವತ್ತೊಂದು. "ದೀಪಾವಳಿಗೆ ಓಪನಿಂಗ್ ಐತಿ. ಬುಟ್ಟಿ ಹೊರು, ಬಾಯಿ ಮುಚ್ಚು."

ಅತ್ತೆ ಬುಟ್ಟಿ ಹೊತ್ತಳು. ಬಾಯಿ ಮುಚ್ಚಲಿಲ್ಲ. ನಲವತ್ತೊಂದು ದಿನವೂ ಗೊಣಗಿದಳು. ಅವಳ ಗೊಣಗಾಟ ಆ ಒಡ್ಡಿನೊಳಗೆ ಮಣ್ಣಿಗಿಂತ ಹೆಚ್ಚು ಸೇರಿದೆ.

ಕಡೆಯ ದಿನದ್ದು ಹೇಳಬೇಕು. ಮೊಣಕಾಲವರೆಗೆ ಕೆಸರು ಮೆತ್ತಿತ್ತು. ಒಳಗೆ ಆಗಲೇ ಸೊಂಟದಷ್ಟು ನೀರು ನಿಂತಿತ್ತು. ಕಾಲು ತೊಳೆದುಕೊಂಡು ಮನೆಗೆ ಹೋಗೋಣವೆಂದು ನಾವು ಹದಿನೈದು ಹೆಂಗಸರು ಸೀರೆ ಎತ್ತಿ ಕಟ್ಟಿ ಇಳಿದೆವು. ಹೇಮಂತಗೌಡ ಮೇಲಿನಿಂದ ಕೂಗಿದ. "ಏ, ಏ! ಕಾಲು ಇಡಬ್ಯಾಡ್ರಿ! ನೀರು ಹೊಲಸ ಆಕ್ಕೈತಿ!" ಅವನ ಜೊತೆ ಪೇಟೆಯಿಂದ ಬಂದ ನಾಲ್ಕು ಜನ ನಿಂತಿದ್ದರು. ಅವರು ಬೂಟು ಬಿಚ್ಚಿ ಅದೇ ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವು ಕೆಸರಿನ ಕಾಲಲ್ಲೇ ಮನೆಗೆ ನಡೆದೆವು. ದಾರಿಯಲ್ಲಿ ಕೆಸರು ಒಣಗಿ ಬಿರಿದು ಚರ್ಮ ಎಳೆಯುತ್ತಿತ್ತು. ನನಗೆ ಆ ಹೊತ್ತು ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಮರುವಾರ ಬೋರ್ಡು ಬಂತು. "ಖಾಸಗಿ ಕೆರೆ. ಅಪ್ಪಣೆಯಿಲ್ಲದೆ ಒಳಗೆ ಬಂದವರಿಗೆ ಶಿಕ್ಷೆ." ಬೋರ್ಡಿನ ಕೆಳಗೆ ಕಾವಲಿಗೆ ಗುಡದಪ್ಪ ಬಂದ. ಕೊರಳಲ್ಲಿ ಸೀಟಿ, ಕೈಯಲ್ಲಿ ಬಡಿಗೆ. ಆಮೇಲೆ ಆರು ಹಂಸಗಳು ಬಂದವು, ಪ್ಲಾಸ್ಟಿಕ್ಕಿನವು. ಹೊಟ್ಟೆಯೊಳಗೆ ಇಬ್ಬರು ಕುಳಿತು ಸೈಕಲ್ಲಿನಂತೆ ತುಳಿದರೆ ನೀರಿನ ಮೇಲೆ ಹೋಗುವ ಹಂಸ. ಎಮ್ಮೆ ಮೈ ತೊಳೆಯಲು ಹೋದರೆ ಗುಡದಪ್ಪ ಸೀಟಿ ಊದುತ್ತಿದ್ದ. ಕೊಡ ಹಿಡಿದು ಹೋದರೆ ಸೀಟಿ. ಮೀನು ಹಿಡಿಯಲು ಗಾಳ ಹಾಕಿದರೆ ಸೀಟಿ. ಆ ಸೀಟಿ ಕೇಳಿ ಕೇಳಿ ನಮ್ಮ ಎಮ್ಮೆಗಳು ಮನೆಯಲ್ಲಿ ಕುಕ್ಕರ್ ಕೂಗಿದರೂ ಹಿಂದಕ್ಕೆ ಸರಿಯುತ್ತಿದ್ದವು.

ಎರಡು ಮಳೆಗಾಲ ದಾಟಿದವು.

ಮೂರನೆಯ ಮಳೆಗಾಲದಲ್ಲಿ ಗೌಡನಿಗೆ ಆಸೆ ಹೆಚ್ಚಿತು. ಹಂಸಗಳ ತುಳಿಯುವ ಚಕ್ರ ಹೂಳಿಗೆ ತಾಗುತ್ತಿತ್ತು. ನೀರು ಇನ್ನಷ್ಟು ಏರಲಿ ಎಂದು ಒಡ್ಡಿನ ಬಗಲಲ್ಲಿದ್ದ ಕೋಡಿಗೆ ಮರಳಿನ ಚೀಲ ಪೇರಿಸಿದ. ಕೋಡಿ ಎಂದರೆ ಹೆಚ್ಚಾದ ನೀರು ತಾನಾಗಿ ಹೊರಗೆ ಹರಿದುಹೋಗುವ ದಾರಿ. ಅದನ್ನು ಮುಚ್ಚುವುದೂ ಒಂದೇ, ಉಣ್ಣುತ್ತಲೇ ಇರು, ಹೊರಕಡೆ ಮಾತ್ರ ಹೋಗಬೇಡ ಎನ್ನುವುದೂ ಒಂದೇ.

ಪಂಚಮಿಗೆ ಹದಿನೈದು ದಿನ ಇತ್ತು. ಅತ್ತೆ ಒಡ್ಡಿನ ಹಿಂದೆ ಎಮ್ಮೆಗೆ ಹುಲ್ಲು ಕೊಯ್ಯಲು ಹೋದವಳು ಹುಲ್ಲು ಬಿಟ್ಟು ಒಂದು ತಂಬಿಗೆ ನೀರು ತಂದಳು. ಜಗಲಿಯ ಮೇಲಿಟ್ಟು ಅದರ ಮುಂದೆ ಕುಳಿತಳು. ಊಟಕ್ಕೆ ಕರೆದೆ, ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಲಿನ ನೀರು ಚೆಲ್ಲಿ ನನಗೆ ತಳ ತೋರಿಸಿದಳು. ಒಂದು ಬೆರಳಿನಷ್ಟು ಕರಿ ಮಣ್ಣು ಕುಳಿತಿತ್ತು.

"ಇದು ಒಡ್ಡಿನ ಬುಡದಾಗ ಬರಾಕತ್ತಿದ್ದ ನೀರು, ಸವಿತಾ. ಬುಡದಾಗ ತಿಳಿನೀರು ಬಂದ್ರ ಒಡ್ಡು ಬೆವರತೈತಿ ಅಂತೀವಿ. ಬೆವರಲಿ, ದುಡಿಯೂ ಒಡ್ಡು ಬೆವರತೈತಿ. ರಾಡಿ ಬಂದ್ರ ಒಳಗ ಹುಣ್ಣಾಗೇತಿ ಅಂತ. ನೀರು ಮಣ್ಣು ತಿನ್ನಾಕತ್ತೈತಿ. ಒಳಗ ದಾರಿ ಮಾಡಾಕತ್ತೈತಿ."

"ಎಷ್ಟು ದಿನಾ ಅತ್ತಿ?"

"ಒಂದು ಜೋರ್ ಮಳಿ."

ನಾವಿಬ್ಬರೂ ರಿಸಾರ್ಟಿಗೆ ಹೋದೆವು. ಹೇಮಂತಗೌಡ ಹುಲ್ಲಿನ ಛಾವಣಿ ಕೆಳಗೆ ಕುಳಿತು ಫೋನಿನಲ್ಲಿ ರವಿವಾರದ ಬುಕಿಂಗ್ ಮಾತಾಡುತ್ತಿದ್ದ. ಅರ್ಧ ತಾಸು ನಿಲ್ಲಿಸಿದ. ಅತ್ತೆ ತಂಬಿಗೆ ಮುಂದೆ ಹಿಡಿದಳು.

"ಗೌಡ್ರ, ಚೀಲಾ ತಗಸ್ರಿ. ಕೋಡಿ ಇನ್ನೂ ಎರಡು ಮೊಳ ತಗ್ಗಸ್ರಿ. ನೀರು ಇಳದ್ರ ಒಡ್ಡು ಉಳೀತೈತಿ. ಕೆಳಗ ನಲವತ್ತು ಮನಿ ಅದಾವ್ರಿ."

"ನೀರು ಇಳಿಸಿದ್ರ ಹಂಸ ಏನು ನೆಲದ ಮ್ಯಾಲೆ ಓಡ್ಯಾಡ್ತಾವೇನು? ಈ ರವಿವಾರ ಕಂಪನಿ ಮಂದಿ ಬರಾವ್ರದಾರ. ಒಡ್ಡರ ಬಾಯಾಗ ಯಾವಾಗ ನೋಡಿದ್ರೂ ಒಡಿಯೂ ಮಾತ. ನನ್ನ ಕೆರಿ, ನನ್ನ ಒಡ್ಡು, ನಾ ನೋಡ್ಕೋತೇನಿ. ನಡೀರಿ."

"ಒಡ್ಡು ನಿಮ್ಮದ ಹೌದಲ್ರಿ?" ಎಂದಳು ಅತ್ತೆ ಬಾಗಿಲಲ್ಲಿ ತಿರುಗಿ.

"ಮತ್ತ ಯಾರಪ್ಪಂದು?"

ಆ ಮಾತು ನಾನು ಸೆರಗಿಗೆ ಗಂಟು ಹಾಕಿಕೊಂಡೆ.

ನಾನು ಪಿಯುಸಿವರೆಗೆ ಓದಿದವಳು, ಅರ್ಜಿ ಬರೆಯುವುದರಲ್ಲಿ ಓಣಿಗೇ ಎತ್ತಿದ ಕೈ. ಪಂಚಾಯತಿಗೆ ಬರೆದೆ. ತಾಲೂಕಿನ ನೀರಾವರಿ ಕಚೇರಿಗೆ ಬರೆದೆ. ಅಲ್ಲಿನ ಸಾಹೇಬರು ಒಂದು ದಪ್ಪ ರಿಜಿಸ್ಟರ್ ತೆಗೆದು ಸೀಗಿಹಳ್ಳವನ್ನು ಹುಡುಕಿದರು. ಹಳ್ಳ ಇತ್ತು, ಒಡ್ಡು ಇರಲಿಲ್ಲ. "ನಮ್ಮ ರಿಜಿಸ್ಟರಿನ್ಯಾಗ ಇಲ್ಲಾಂದ್ರ ಅದು ಇಲ್ಲ" ಎಂದರು. "ಇಲ್ಲದ ಒಡ್ಡು ಒಡೆದ್ರ ನಾವು ಇರ್ತೀವೇನ್ರಿ?" ಎಂದು ಕೇಳಿದೆ. ಅವರಿಗೆ ಚಹಾ ಕುಡಿಯುವ ಹೊತ್ತಾಗಿತ್ತು.

ನಮ್ಮ ಪಂಚಾಯತಿಯ ಪಿಡಿಒ ನಾಗರತ್ನಾ ಮೇಡಂ ಮಾತ್ರ ತಂಬಿಗೆಯ ತಳ ನೋಡಿದರು. ಬಹಳ ಹೊತ್ತು ನೋಡಿದರು. "ಖಾಸಗಿ ಒಡ್ಡಾದ್ರ ನಾನು ಸಲಿಕಿ ಹಾಕೂಹಂಗಿಲ್ಲವ್ವಾ. ಮಾಲಕ ರಿಪೇರಿ ಮಾಡಬೇಕು, ಒಡೆದು ಜೀವ ಹೋದ್ರ ಮಾಲಕನ ಜೈಲಿಗೆ ಹೋಗಬೇಕು. ಹಂಗಂತ ನೋಟೀಸ್ ಕೊಡ್ತೇನಿ" ಎಂದರು. ಅವರ ನೋಟೀಸು ಅವತ್ತೇ ಹೋಯಿತು.

ಜೈಲು ಎಂಬ ಮೂರಕ್ಷರ... ಎರಡೇ ಅಕ್ಷರ, ಓದಿದ್ದೇ ತಡ, ಹೇಮಂತಗೌಡ ಹುಬ್ಬಳ್ಳಿಯ ವಕೀಲನ ಹತ್ತಿರ ಓಡಿದ. ಶುಕ್ರವಾರ ಪಂಚಾಯತಿ ಸಭೆಗೆ ಬಂದು, ಕುರ್ಚಿ ಎಳೆದುಕೊಂಡು, ಟೈಪ್ ಮಾಡಿದ ಕಾಗದ ಮೇಜಿನ ಮೇಲೆ ಇಟ್ಟ. ಮೇಡಂ ಎಲ್ಲರಿಗೂ ಕೇಳುವಂತೆ ಓದಿದರು. ಸದರಿ ಒಡ್ಡು ಸೀಗಿಹಳ್ಳದ ಸರಕಾರಿ ಖರಾಬು ಜಮೀನಿನಲ್ಲಿದೆ. ಅದು ನನ್ನ ಸ್ವತ್ತಲ್ಲ. ನಾನು ಅದನ್ನು ಕಟ್ಟಿಸಿಲ್ಲ. ಅದಕ್ಕೂ ನನಗೂ ಯಾವ ಸಂಬಂಧವೂ ಇಲ್ಲ. ಅಲ್ಲಿ ತಾನಾಗಿ ನಿಂತ ನೀರಿನಲ್ಲಿ ನನ್ನ ದೋಣಿಗಳು ಇರುತ್ತವೆ, ಅಷ್ಟೆ.

ತಾನಾಗಿ ನಿಂತ ನೀರು! ನಲವತ್ತೊಂದು ದಿನ! ನನ್ನ ನಾಲಗೆಯ ತುದಿಗೆ ಬಂದ ಬೈಗುಳವನ್ನು ಇಲ್ಲಿ ಬರೆದರೆ ಈ ಕಥೆ ಯಾರೂ ಅಚ್ಚು ಹಾಕುವುದಿಲ್ಲ. ಬಾಯಿ ತೆರೆದೆ. ಅತ್ತೆ ನನ್ನ ತೊಡೆ ಚಿವುಟಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಪಕ್ಕದ ಮನೆಯ ಕೋಳಿ ತಾನಾಗಿ ನಮ್ಮ ಅಡುಗೆಮನೆಗೆ ಬಂದಾಗ ಇರುವಂಥ ಮುಖ ಅದು.

"ಗೌಡ್ರ, ನಾ ಓದಲಾರದಾಕಿ" ಎಂದಳು ಮೆತ್ತಗೆ. "ಹಂಗಂದ್ರ ಒಡ್ಡು ನಿಮ್ಮದಲ್ಲೇನ್ರಿ?"

"ಅಲ್ಲ."

"ಒಂದ್ ಚೂರೂ?"

"ಒಂದ್ ಹೆಂಟಿ ಮಣ್ಣೂ ನಂದಲ್ಲ."

ಅತ್ತೆ ಎದ್ದು ಮೂಲೆಯಲ್ಲಿದ್ದ ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತಳು. ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು. "ಹಂಗಾರ ಕಡ್ಡಿ ಮುರದಂಗ ಹೇಳಿಬಿಡ್ರಿ. ನನ್ನ ಮುದುಕಿ ತಲಿಗೆ ತಿಳೀಬೇಕಲ್ರಿ."

ಸಭೆಯಲ್ಲಿ ನಗೆ. ಹೇಮಂತಗೌಡನೂ ನಕ್ಕ. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು. ಕಡ್ಡಿ ತೆಗೆದುಕೊಂಡು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಲಟ್ಟನೆ ಮುರಿದ. "ತಗೋ ದುರಗಿ, ಮುರದೆ. ನಂದಲ್ಲ. ಸಾಕಾ?"

"ಸಾಕ್ರಿ" ಎಂದಳು ಅತ್ತೆ. ಎರಡೂ ತುಂಡು ಆಯ್ದು ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ನಮ್ಮ ಓಣಿಯ ಗಂಡಸರು ನಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊರಿನವರಿಗೆ ಕಡ್ಡಿ ಮುರಿಯುವುದು ಬರೇ ಮಾತು. ನಮಗೆ ಅದು ಕೋರ್ಟು. ನಮ್ಮ ಓಣಿಯಲ್ಲಿ ಕತ್ತೆಯ ಜಗಳವಿರಲಿ, ಮನೆ ಪಾಲಿನ ಜಗಳವಿರಲಿ, ಹಿರಿಯರ ಮುಂದೆ ಕಡ್ಡಿ ಮುರಿದು ನಂದಲ್ಲ ಎಂದವನಿಗೆ ಆಮೇಲೆ ಅದರ ಮೇಲೆ ಹಕ್ಕಿಲ್ಲ. ಅವನ ಮೊಮ್ಮಗನಿಗೂ ಇಲ್ಲ. ಯಾರ ಬೆವರು ಅದರಲ್ಲಿ ಬಿದ್ದಿದೆಯೋ ಅದು ಅವರದು. ಗೌಡ ಇದನ್ನು ಅರಿಯದೆ ಮಾಡಿದ. ಒಡ್ಡರ ಓಣಿಗೆ ಒಮ್ಮೆಯಾದರೂ ಬಂದಿದ್ದರೆ ಗೊತ್ತಿರುತ್ತಿತ್ತು.

ನಾನು ಮೇಡಂ ಹತ್ತಿರ ಹೋಗಿ ಆ ಕಾಗದದ ಜೆರಾಕ್ಸ್ ಕೇಳಿದೆ. ಕೊಟ್ಟರು. ಕೇಳದೆಯೇ ಅದಕ್ಕೊಂದು ದುಂಡನೆಯ ಶಿಕ್ಕಾ ಹೊಡೆದರು. "ಖರಾಬು ಜಮೀನಿನ ಒಡ್ಡಂದ್ರ ಊರಂದು" ಎಂದರು ಕಿಟಕಿ ಕಡೆ ನೋಡುತ್ತ. "ನೀವೂ ಊರವರ ಅಲ್ಲೇನು? ಕೋಡಿ ಮುಚ್ಚಿದ್ರ ತಗೀಬ್ಯಾಡ ಅನ್ನೂ ಕಾಯ್ದೆ ನನಗಂತೂ ಗೊತ್ತಿಲ್ಲ."

ರವಿವಾರ ಬೆಳಗಾಯಿತು. ಮಳೆ ಎರಡು ದಿನ ಹೊಳವು ಕೊಟ್ಟಿತ್ತು. ಮೊದಲು ಮುದುಕರು, ಮಕ್ಕಳು, ದನಕರು ಎಲ್ಲರನ್ನೂ ದಿನ್ನೆಯ ಮೇಲಿನ ಸಾಲೆಗೆ ಸಾಗಿಸಿದೆವು. ಅತ್ತೆ ಅದಕ್ಕೆ ಮುಂಚೆ ಯಾರಿಗೂ ಗುದ್ದಲಿ ಮುಟ್ಟಗೊಡಲಿಲ್ಲ. ಆಮೇಲೆ ಎರಡು ಗುಂಪಾದೆವು. ನನ್ನ ಗಂಡ ಭೀಮಶಿ ಮತ್ತು ಗಂಡಸರು ಗುದ್ದಲಿ, ಸಲಿಕೆ, ಹಾರೆ ಹಿಡಿದು ಅತ್ತೆಯ ಹಿಂದೆ ಕೋಡಿಗೆ. ನಾವು ಹೆಂಗಸರು ಕೌದಿ ಹೊತ್ತು ಕೆರೆಗೆ. ಪಂಚಮಿಗೆ ಮನೆಯ ಕೌದಿಯೆಲ್ಲ ಒಗೆಯಬೇಕು, ಅದು ಪದ್ಧತಿ. ನಲವತ್ತು ಮನೆಯ ಕೌದಿ. ವರ್ಷದ ಹೊಲಸು.

ಗುಡದಪ್ಪ ಸೀಟಿ ಊದಿದ. ನಾನು ಶಿಕ್ಕಾ ಹೊಡೆದ ಕಾಗದ ಅವನ ಮೂಗಿಗೆ ಹಿಡಿದೆ. ಅವನು ತುಟಿ ಅಲುಗಿಸುತ್ತ ಓದಿದ. ಎರಡು ಸಲ ಓದಿದ.

"ಅಲ್ಲಕ್ಕಾ, ಕೆರಿ ಗೌಡ್ರದಲ್ಲಾಂದ್ರ ನಾ ಮೂರು ವರ್ಷದಿಂದ ಯಾರ ಕೆರಿ ಕಾಯಾಕತ್ತೇನಿ?"

"ನಮ್ಮದು" ಎಂದೆ. "ಚಲೋ ಕಾದಿ ತಮ್ಮಾ. ಈಗ ಕುಂಡ್ರು, ದಣದಿ."

ಅವನು ಕುಳಿತ. ಸ್ವಲ್ಪ ಹೊತ್ತಿಗೆ ತನ್ನ ಮನೆಗೆ ಫೋನು ಹಚ್ಚಿ, ನಮ್ಮ ಕೌದಿನೂ ತೊಗೊಂಡ್ ಬಾ ಎಂದು ಹೆಂಡತಿಗೆ ಹೇಳಿದ.

ನೀರಿಗೆ ಇಳಿದೆ. ಕಾಲು ಇಟ್ಟೆ. ಮೂರು ವರ್ಷದ ಹಿಂದೆ ತೊಳೆಯಗೊಡದ ಕಾಲು. ತಣ್ಣಗಿತ್ತು. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಬೇಕೆಂದೇ ಕಾಲು ತಿಕ್ಕಿ ತಿಕ್ಕಿ ತೊಳೆದೆ. ಬಾಜೂಕೆ ನಮ್ಮ ಓಣಿಯ ಬಸಕ್ಕ ಕೌದಿ ಬಡಿಯುತ್ತಿದ್ದಳು. ಕರಿ ನೊರೆ ಹಂಸಗಳ ಕೊರಳಿಗೆ ಮಾಲೆಯಾಯಿತು.

ಅತ್ತ ಅತ್ತೆ ಕೋಡಿಯಲ್ಲಿ ಸೊಂಟಕ್ಕೆ ಸೆರಗು ಸುತ್ತಿ ನಿಂತಿದ್ದಳು. ಕೋಡಿ ಒಡ್ಡಿನ ಬಗಲಲ್ಲಿ ಗಟ್ಟಿ ಗರಸಿನ ನೆಲದಲ್ಲಿತ್ತು. ಒಂದೊಂದೇ ಚೀಲ ತೆಗೆಸಿದಳು. ಒಂದು ಚೀಲ ತೆಗೆದ ಮೇಲೆ ಒಂದು ಎಲೆ ಹಾಕಿಕೊಳ್ಳುವಷ್ಟು ಹೊತ್ತು ಸುಮ್ಮನೆ ನಿಲ್ಲಿಸಿದಳು. ಆಮೇಲೆ ಕೆಳಗಿನ ತುದಿಯಿಂದ ಅಗೆಸುತ್ತ ಮೇಲಕ್ಕೆ ಬಂದಳು, ಅಗೆದಲ್ಲಿ ಕಲ್ಲು ಹಾಸಿಸಿದಳು. "ನೀರಿಗೆ ದಾರಿ ಕೊಡ್ರಿ, ಅವಸರ ಕೊಡಬ್ಯಾಡ್ರಲೇ" ಎಂದು ಕೂಗುತ್ತಿದ್ದಳು. ಒಡ್ಡರ ಹಾಗೆಯೇ ಕೂಗುತ್ತಿದ್ದಳು. ಸೀಗಿಹಳ್ಳ ಮೊಣಕಾಲ ಮಟ್ಟ ಹರಿಯತೊಡಗಿತು, ಅದಕ್ಕಿಂತ ಏರಲಿಲ್ಲ.

ಹನ್ನೊಂದಕ್ಕೆ ಕಂಪನಿಯ ಬಸ್ಸು ಬಂತು. ಅದರಿಂದ ಇಳಿದ ಒಬ್ಬಳು ಕೆರೆ ದಂಡೆಯ ರೇಲಿಂಗಿನ ಮೇಲೆ ಸಾಲಾಗಿ ಒಣಹಾಕಿದ ಕೌದಿಗಳ ಫೋಟೋ ತೆಗೆದು, "ಎಷ್ಟು ಚಂದ! ಇವು ಮಾರಾಟಕ್ಕಿವೆಯಾ?" ಎಂದು ಕೇಳಿದಳು.

"ಕೌದಿ ಇಲ್ರಿ" ಎಂದಳು ಬಸಕ್ಕ. "ಕೆರಿ ಐತಿ. ಮಾಲಕ ಯಾರಂತ ಹುಡಕಾಕತ್ತೀವಿ, ಸಿಕ್ರ ರೇಟ್ ಕೇಳಿ ಹೇಳ್ತೀವಿ."

ಅಷ್ಟರಲ್ಲಿ ಹೇಮಂತಗೌಡ ಬಂದ. ಓಡಿಕೊಂಡೇ ಬಂದ. ಕೋಡಿಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದ. "ಏ ದುರಗಿ! ಇದೇನು ನಿಮ್ಮಪ್ಪಂದು ಅಂತ ಮಾಡೀಯೇನು?"

ಅತ್ತೆ ಸಲಿಕೆ ಊರಿ ನಿಂತಳು. "ಇಲ್ರಿ. ನಮ್ಮಪ್ಪಂದಲ್ಲ, ನಿಮ್ಮಪ್ಪಂದೂ ಅಲ್ಲ. ನೀವ ಬರದು ಕೊಟ್ಟೀರಲ್ರಿ."

ಅವನು ಪೊಲೀಸರಿಗೆ ಫೋನು ಮಾಡಿದ. ಪಿಎಸ್ಐ ಮತ್ತು ಒಬ್ಬ ಪೇದೆ ಬಂದರು. ಪೇದೆ ಬೈಕಿನ ಸೀಟಿನ ಮೇಲೆ ಹಾಳೆ ಇಟ್ಟು ಪೆನ್ನು ತೆಗೆದ.

"ಏನ್ ಫಿರ್ಯಾದಿ?"

"ಇವರು ಒಡ್ಡು ಒಡಿಯಾಕತ್ತಾರ."

"ಯಾರ ಒಡ್ಡು?"

ಗೌಡ ಕೋಡಿಯ ಕಡೆ ಕೈ ಮಾಡಿದ. ನಾನು ಶಿಕ್ಕಾ ಹೊಡೆದ ಕಾಗದವನ್ನು ಪಿಎಸ್ಐ ಕೈಗೆ ಕೊಟ್ಟೆ, ಜೊತೆಗೆ ಪಿಡಿಒ ನೋಟೀಸಿನ ಪ್ರತಿ. ಅವರು ಎರಡನ್ನೂ ಓದಿದರು. ಮೀಸೆಯ ಕೆಳಗೆ ಏನೋ ಅಲುಗಿತು.

"ಗೌಡ್ರ, ಒಡ್ಡು ನಿಮ್ಮದಾದ್ರ ಹೇಳ್ರಿ, ಇವರ ಮ್ಯಾಲೆ ಕೇಸ್ ಹಾಕ್ತೇನಿ. ಆದ್ರ ಸರಕಾರಿ ಹಳ್ಳಕ್ಕ ಒಡ್ಡು ಹಾಕೀರಿ ಅಂತ ನಿಮ್ಮ ಮ್ಯಾಲೂ ಹಾಕಬೇಕಾಕ್ಕೈತಿ. ನಿಮ್ಮದಲ್ಲಾಂದ್ರ ಫಿರ್ಯಾದಿ ಯಾರದು?"

ಪೇದೆ ಪೆನ್ನು ಹಿಡಿದು ಕಾಯುತ್ತಿದ್ದ. ಹಂಸಗಳು ಕಾಯುತ್ತಿದ್ದವು. ಕಂಪನಿಯವರು ಕೇಸರಿ ಬಣ್ಣದ ತೇಲುಜಾಕೀಟು ತೊಟ್ಟು ಸಾಲಾಗಿ ನಿಂತು ಕಾಯುತ್ತಿದ್ದರು. ಅವರ ಮುಂದೆಯೇ ನೀರು ಮೆಲ್ಲಗೆ ಹಿಂದೆ ಸರಿಯುತ್ತಿತ್ತು.

"ಹಂಸ... ಹಂಸ ನನ್ನವು" ಎಂದ ಹೇಮಂತಗೌಡ.

"ಹಂಗಾರ ಹಂಸ ಹಿಡಕೊಂಡ್ ಮನೀಗೆ ಹೋಗ್ರಿ" ಎಂದಳು ಅತ್ತೆ. ಪೇದೆ ಹಾಳೆ ಮಡಚಿ ಜೇಬಿಗಿಟ್ಟ. ಸಂಜೆಯ ಹೊತ್ತಿಗೆ ನೀರು ಎರಡು ಮೊಳ ಇಳಿದಿತ್ತು. ಆರೂ ಹಂಸಗಳು ಕೆಸರಿನಲ್ಲಿ ಎಮ್ಮೆಗಳ ಹಾಗೆ ಕುಳಿತಿದ್ದವು.

ಬುಧವಾರ ಮಳೆ ಬಂತು. ಬೆಳಗಿನಿಂದ ಹಿಡಿದು ಮಧ್ಯಾಹ್ನದವರೆಗೆ ಬಿಡಲಿಲ್ಲ. ನಾವೆಲ್ಲ ಸಾಲೆಯ ಕಟ್ಟೆಯ ಮೇಲೆ ನಿಂತು ಒಡ್ಡಿನ ಕಡೆಗೇ ನೋಡುತ್ತಿದ್ದೆವು. ಮೂರು ಗಂಟೆಗೆ ಒಡ್ಡಿನ ಹೊರಮೈಯಿಂದ ಒಂದು ಮನೆಯಷ್ಟು ಮಣ್ಣು ದಸಕ್ಕನೆ ಜಾರಿ ಹಳ್ಳಕ್ಕೆ ಬಿತ್ತು. ಅತ್ತೆ ತಂಬಿಗೆ ತುಂಬಿಕೊಂಡಿದ್ದ ಜಾಗದಲ್ಲೇ ಬಿತ್ತು. ಒಳಗಿನ ನೀರು ಆ ಎತ್ತರಕ್ಕೆ ಇರಲಿಲ್ಲ. ಕೋಡಿಯಲ್ಲಿ ಹರಿದುಹೋಗುತ್ತಿತ್ತು. ಆ ಎರಡು ಮೊಳ ನೀರು ಒಳಗೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಪೇಪರಿನಲ್ಲಿ ಒಂದು ಸಾಲು ಬರುತ್ತಿತ್ತು, ಹಳ್ಳದ ದಂಡೆಯಲ್ಲಿ ಅಕ್ರಮವಾಗಿ ಮನೆ ಕಟ್ಟಿಕೊಂಡವರು ಎಂದು. ಬಸಕ್ಕ ಗೋಡೆಗೆ ತಲೆ ಆನಿಸಿ ಅತ್ತಳು. ಅತ್ತೆ ಅಳಲಿಲ್ಲ. "ಪಾಯಾ ತಗೀ ಅಂದಿದ್ದೆ" ಎಂದಳು. ಅಷ್ಟೆ.

ದಸರೆ ಮುಗಿದ ಮೇಲೆ ಗುಡದಪ್ಪ ಓಣಿಗೆ ಬಂದ. ಡಿಸೆಂಬರಿನಲ್ಲಿ ದೊಡ್ಡ ಮದುವೆಯ ಬುಕಿಂಗ್ ಇದೆಯಂತೆ, ಕೆರೆ ಬೇಕಂತೆ, ಒಡ್ಡು ಸರಿ ಮಾಡಿಕೊಡಬೇಕಂತೆ. "ಯಾರ ಒಡ್ಡು?" ಎಂದು ಕೇಳಿ ಅತ್ತೆ ಅವನನ್ನು ಹಿಂದಕ್ಕೆ ಕಳಿಸಿದಳು. ಗೌಡ ಅಳ್ನಾವರದ ಕಡೆಯ ಮಣ್ಣು ಕೆಲಸದವರನ್ನು ಕರೆಸಿದ. ಅವರು ನಮ್ಮ ಬೀಗರು. ಒಡ್ಡು ನೋಡಿ, ಅತ್ತೆಗೆ ಫೋನು ಮಾಡಿ, ನಮ್ಮ ಮನೆಯಲ್ಲಿ ಕೋಳಿ ಉಂಡು ಹೋದರು. ಕಡ್ಡಿ ಮುರಿದ ಒಡ್ಡಿಗೆ ಕೈ ಹಚ್ಚುವವರು ನಮ್ಮಲ್ಲಿ ಯಾರಿದ್ದಾರೆ?

ಕಡೆಗೆ ಅವನೇ ಬಂದ. ಒಡ್ಡಿನ ಹತ್ತಿರ ಬರಹೇಳಿದಳು ಅತ್ತೆ, ಅಲ್ಲಿಗೆ ಬಂದ. ಹೆಂಡತಿ ಐಶ್ವರ್ಯ ಕಾರಿನಲ್ಲಿ ಕುಳಿತಿದ್ದಳು. ನಾಗರತ್ನಾ ಮೇಡಮ್ಮರನ್ನು ನಾವು ಕರೆಸಿದ್ದೆವು. ಓಣಿಗೆ ಓಣಿಯೇ ಬಂದಿತ್ತು.

"ದುರಗವ್ವಾ" ಎಂದ. ದುರಗಿ ದುರಗವ್ವ ಆಗಲು ಮೂರು ಮಳೆಗಾಲ ಹಿಡಿಯಿತು. "ಆದದ್ದು ಆತು. ಒಡ್ಡು ಸರಿ ಮಾಡಿಕೊಡ್ರಿ."

"ನಮ್ಮ ಒಡ್ಡು ಹಿಂಗ ಚಲೋ ಐತ್ರಿ. ನೀರು ಕಡಿಮಿ ಐತಿ, ನಮಗ ನಿದ್ದಿ ಬರತೈತಿ."

"ಅಲ್ಲಾ, ಹಂಗಂದ್ರ..."

"ನೀವು ಬಂದು ಕೇಳಾಕತ್ತೀರಿ, ಹಂಗಂದ್ರ ಒಡ್ಡು ನಿಮ್ಮದೇನ್ರಿ? ಮೇಡಂ ಬರಕೋತಾರ, ಹೇಳ್ರಿ."

ಗೌಡ ಮೇಡಮ್ಮರ ಪೆನ್ನು ನೋಡಿದ. ಕಾರು ನೋಡಿದ. ನಂದು ಎನ್ನಲು ಜೈಲು ಅಡ್ಡ, ನಂದಲ್ಲ ಎನ್ನಲು ಮದುವೆ ಅಡ್ಡ. ಎರಡರ ನಡುವಿನಿಂದ ಒಂದು ಮಾತು ಹೊರಬಂತು.

"ನಮ್ಮದು."

ಅತ್ತೆ ಆ ಮಾತನ್ನು ಗಿಡುಗ ಕೋಳಿಮರಿ ಎತ್ತಿದ ಹಾಗೆ ಎತ್ತಿಕೊಂಡಳು. "ನಮ್ಮದು! ಕೇಳಿದ್ರಿ ಎಲ್ಲಾರೂ? ಬರಕೋರಿ ಮೇಡಂ. ಗೌಡ್ರದು, ಮತ್ತ ನಮ್ಮದು. ಕೋಡಿ ಈಗ ಇದ್ದಷ್ಟ ಇರತೈತಿ, ಅದಕ್ಕ ಚೀಲಾ ಇಡಂಗಿಲ್ಲ. ಪಾಯಾ ಗಟ್ಟಿ ನೆಲದತನಕ. ಹೊರಮೈಗೆ ಗರಸು. ನೀರಿಗೆ ಯಾರ ಕಾಲು ಇಟ್ರೂ ಸೀಟಿ ಊದಂಗಿಲ್ಲ." ಆಮೇಲೆ ಗೌಡನ ಕಡೆ ತಿರುಗಿದಳು. "ನಮ್ಮ ಒಡ್ಡಂದ ಮ್ಯಾಲೆ ನಾವೆಲ್ಲಾರೂ ಹೊರಬೇಕಲ್ರಿ. ಮೊದಲನೇ ಬುಟ್ಟಿ ನಿಮ್ಮದು."

ಯಾರೂ ನಗಲಿಲ್ಲ. ಗುಡದಪ್ಪ ಕೂಡ ನಗಲಿಲ್ಲ. ಅತ್ತೆ ತನ್ನ ತಲೆಯ ಸಿಂಬಿ ತೆಗೆದು ಅವನ ತಲೆಯ ಮೇಲಿಟ್ಟಳು. ಭೀಮಶಿ ಗರಸು ತುಂಬಿದ ಬುಟ್ಟಿ ಎತ್ತಿ ಕೊಟ್ಟ. ಗೌಡ ಬೇಡ ಅನ್ನುತ್ತಾನೆ ಎಂದುಕೊಂಡಿದ್ದೆ. ಎರಡೂ ಕೈ ಎತ್ತಿ ಬುಟ್ಟಿ ಹಿಡಿದುಕೊಂಡ. ಕುತ್ತಿಗೆ ಗಡಗಡ ನಡುಗಿತು.

"ತಲಿ ಬಗ್ಗಸಬ್ಯಾಡ್ರಿ" ಎಂದಳು ಅತ್ತೆ. "ಬಗ್ಗಿಸಿದವರ ತಲಿ ಮ್ಯಾಲೆ ಬುಟ್ಟಿ ನಿಂದ್ರೂದಿಲ್ಲ. ನಮ್ಮ ಹೆಂಗಸರು ಒಬ್ಬಾಕಿನೂ ಬಗ್ಗಿಸಿಲ್ಲ."

ಇಳಿಜಾರಿನಲ್ಲಿ ಎರಡು ಸಲ ಕಾಲು ಜಾರಿತು. ಮಣ್ಣು ಕಿವಿಯೊಳಗೆ, ಕಾಲರಿನೊಳಗೆ ಇಳಿಯಿತು. ಮೇಲೆ ಮುಟ್ಟಿ ಬುಟ್ಟಿ ಸುರುವಿ, ಮೊಣಕಾಲ ಮೇಲೆ ಕೈ ಊರಿ ಏದುಸಿರು ಬಿಟ್ಟ. ಮುಗಿಯಿತು ಎಂಬ ಮುಖ ಮಾಡಿಕೊಂಡು ಕೆಳಗೆ ನೋಡಿದ.

ಅತ್ತೆ ಎರಡನೇ ಬುಟ್ಟಿ ತುಂಬಿಕೊಂಡು ನಿಂತಿದ್ದಳು.